‘ಒಂದು ಚೂರು ತಿಂದರೆ ಏನಾಗುತ್ತದೆ?’

ಹಬ್ಬದ ಊಟದಲ್ಲಿ ಅತಿಥಿಗಳಿಗೆ ಒತ್ತಾಯ ಮಾಡಿ ಬಡಿಸುವುದು ನಮ್ಮ ಪದ್ಧತಿ. ‘ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಅದು ಸಂಕೋಚವೆಂದು ತಿಳಿದು, ಕೈಯ ಸಂದಿಯಲ್ಲೇ ಇನ್ನೊಂದು ಹೋಳಿಗೆ ಜಾರಿಸುವವರೂ ಉಂಟು. ಈ ಅಕ್ಕರೆಯ ಬಗ್ಗೆ ನನ್ನ ತಕರಾರಿಲ್ಲ. ನಾನೂ ಅದರಲ್ಲೇ ಬೆಳೆದವನು. ಆದರೆ ಕೆಲವರ ಪಾಲಿಗೆ ಈ ಒತ್ತಾಯ ಕಾಯಿಲೆಯನ್ನೇ ತರುತ್ತದೆ. ವೈದ್ಯನಾದ ನನಗೆ ಇದು ಸರಿಯಾಗಿ ಮನವರಿಕೆಯಾದದ್ದು ನಮ್ಮ ಮನೆಯ ಪಂಕ್ತಿಯಲ್ಲಿ.

ಕೆಲವು ವರ್ಷಗಳ ಹಿಂದೆ ಯುಗಾದಿಗೆ ನನ್ನ ಚಿಕ್ಕಪ್ಪನ ಮಗ ಹೊಸ ಹೆಂಡತಿಯೊಡನೆ ನಮ್ಮ ಮನೆಗೆ ಬಂದಿದ್ದ. ಹುಡುಗಿ ಪಾಯಸ ಬೇಡವೆಂದಳು, ಹೋಳಿಗೆಯೂ ಬೇಡವೆಂದಳು. ‘ಹಬ್ಬದ ದಿನ ಹೋಳಿಗೆ ಬೇಡ ಅನ್ನಬಾರದು ಕಣಮ್ಮ, ಒಂದು ಚೂರು ತಿಂದರೆ ಏನಾಗುತ್ತದೆ?’ ಎಂದು ನಮ್ಮ ತಾಯಿ ಅರ್ಧ ಹೋಳಿಗೆ ಹಾಕಿ, ಮೇಲೆ ಬಿಸಿ ಹಾಲು, ತುಪ್ಪ ಸುರಿದರು. ‘ತಿನ್ನಮ್ಮ, ಏನಾದರೂ ಆದರೆ ನಾನಿದ್ದೇನಲ್ಲ’ ಎಂದು ನಾನೂ ನಕ್ಕೆ. ಆ ರಾತ್ರಿಯೆಲ್ಲ ಆಕೆಗೆ ವಾಂತಿ, ಭೇದಿ, ಹೊಟ್ಟೆನೋವು. ಬೆಳಗಿನ ಜಾವ ಕೇಳಿದಾಗ, ‘ಹೊಸ ಮನೆ, ಎಲ್ಲರ ಎದುರಿಗೆ ಹೇಗೆ ಹೇಳಲಿ ಅಂತ ಸುಮ್ಮನಿದ್ದೆ ಭಾವ’ ಎಂದಳು. ಆಕೆಗೆ ಗೋಧಿ, ಹಾಲು ಎರಡೂ ಆಗುವುದಿಲ್ಲ. ಗೋಡಂಬಿಯ ಅಲರ್ಜಿ ಬೇರೆ. ಅಂದಿನ ಪಾಯಸದಲ್ಲಿ ಗೋಡಂಬಿಯಿತ್ತು. ಅದನ್ನೂ ಒತ್ತಾಯ ಮಾಡಿದ್ದರೆ ಪ್ರಾಣಕ್ಕೇ ಅಪಾಯವಿತ್ತು.

‘ಒಗ್ಗುವುದಿಲ್ಲ’ ಎಂಬ ಒಂದೇ ಮಾತನ್ನು ನಾವು ಎಲ್ಲಕ್ಕೂ ಬಳಸುತ್ತೇವೆ. ಆದರೆ ಈ ಮೂರು ತೊಂದರೆಗಳ ಬಗೆ ಬೇರೆ ಬೇರೆ.

ಮೊದಲನೆಯದು ಸೀಲಿಯಾಕ್ ಕಾಯಿಲೆ. ಗೋಧಿ ಮತ್ತು ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಈ ಕಾಯಿಲೆಯವರು ಅದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರವನ್ನೇ ಹಾಳುಗೆಡವುತ್ತದೆ. ಮೈದಾ, ರವೆ, ಶಾವಿಗೆ ಎಲ್ಲವೂ ಗೋಧಿಯ ರೂಪಗಳೇ. ಗೋಧಿ ಹೆಚ್ಚು ತಿನ್ನುವ ಉತ್ತರ ಭಾರತದಲ್ಲಿ ಈ ಕಾಯಿಲೆ ಹೆಚ್ಚು, ನಮ್ಮಲ್ಲಿ ಕಡಿಮೆ. ಅದರಿಂದಲೇ ನಮಗೆ ಅಪರಿಚಿತ. ಇಲ್ಲಿ ‘ಒಂದು ಚೂರು’ ಕೂಡ ಹೆಚ್ಚೇ.

ಎರಡನೆಯದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದಿರುವುದು. ಅದನ್ನು ಅರಗಿಸುವ ಕಿಣ್ವದ ಕೊರತೆಯೇ ಇದಕ್ಕೆ ಕಾರಣ. ಹೊಟ್ಟೆಯುಬ್ಬರ, ಭೇದಿ ಆಗುತ್ತವೆ, ಜೀವಕ್ಕೆ ಅಪಾಯವಿಲ್ಲ. ಇಂಥವರಲ್ಲಿ ಅನೇಕರಿಗೆ ಸ್ವಲ್ಪ ಮೊಸರು, ತುಪ್ಪ ಒಗ್ಗುತ್ತವೆ. ಸೀಲಿಯಾಕ್‌ನಿಂದ ಕರುಳು ಹಾಳಾದವರಲ್ಲಿ ಈ ಕಿಣ್ವವೂ ಕಡಿಮೆಯಾಗುವುದರಿಂದ ಎರಡೂ ತೊಂದರೆಗಳು ಒಟ್ಟಿಗೆ ಕಾಣಿಸಿಕೊಳ್ಳಬಹುದು. ಹಾಲಿನ ಸಸಾರಜನಕದ ಅಲರ್ಜಿಯೇ ಬೇರೆ. ಅಂಥವರಿಗೆ ತುಪ್ಪವೂ ಬೇಡ.

ಮೂರನೆಯದು ಅಲರ್ಜಿ. ಗೋಡಂಬಿಯ ಅಲರ್ಜಿ ಇರುವವರಿಗೆ ಅದರ ಒಂದು ಚೂರಿನಿಂದಲೂ ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು, ತುಟಿಯ ಊತ, ಉಸಿರಾಟದ ತೊಂದರೆ ಬಂದು ರಕ್ತದೊತ್ತಡ ಕುಸಿಯಬಹುದು. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ಮಜ್ಜಿಗೆ, ನಿಂಬೆರಸ ಎಂದು ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪಾಯಸದಿಂದ ಗೋಡಂಬಿಯನ್ನು ಆರಿಸಿ ತೆಗೆದು ಬಡಿಸಿದರೆ ಸಾಲದು. ಗೋಡಂಬಿ ಆಗದವರಲ್ಲಿ ಬಹಳ ಮಂದಿಗೆ ಪಿಸ್ತಾವೂ ಆಗುವುದಿಲ್ಲ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎನ್ನುವ ಹಿರಿಯರಿದ್ದಾರೆ. ಇತ್ತು, ಹೆಸರಿರಲಿಲ್ಲ. ಎಷ್ಟು ತಿಂದರೂ ಮೈ ಹತ್ತದೆ, ಸದಾ ಭೇದಿಯಾಗುತ್ತಿದ್ದ ಮಕ್ಕಳು ಆಗಲೂ ಇದ್ದರು. 1944-45ರ ಚಳಿಗಾಲದಲ್ಲಿ ಯುದ್ಧದ ಕಾರಣ ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಇಂಥ ಮಕ್ಕಳು ಚೇತರಿಸಿಕೊಂಡದ್ದು ಡಿಕ್ಕೆ ಎಂಬ ಮಕ್ಕಳ ವೈದ್ಯರ ಗಮನಕ್ಕೆ ಬಂತು. ಗೋಧಿಯ ಮೇಲೆ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಬಲವಾಯಿತು.

ಹಾಗಾದರೆ ಇಂಥ ಅತಿಥಿಗೆ ಸಿಹಿ ಏನು ಮಾಡುವುದು? ಮೊದಲು ಕೇಳಿ. ಏನು ಆಗುವುದಿಲ್ಲ, ಸ್ವಲ್ಪವಾದರೆ ನಡೆಯುತ್ತದೆಯೇ ಎಂಬುದನ್ನು ಹಬ್ಬಕ್ಕೆ ನಾಲ್ಕು ದಿನ ಮೊದಲೇ ವಿಚಾರಿಸಿ. ಪಂಕ್ತಿಯಲ್ಲಿ ಹತ್ತು ಜನರ ಎದುರು ಕೇಳಬೇಡಿ.

ಅದೇ ವರ್ಷದ ದೀಪಾವಳಿಗೆ ನಮ್ಮ ತಾಯಿ ಹೀಗೆಯೇ ಫೋನು ಮಾಡಿ, ‘ಅಕ್ಕಿಹಿಟ್ಟಿನ ಕಡುಬು ಮಾಡಲೇನಮ್ಮ?’ ಎಂದು ಕೇಳಿದರು. ‘ಹಿಟ್ಟು ಗಿರಣಿಯದಾದರೆ ಬೇಡಿ ಅತ್ತೆ, ಅಲ್ಲಿ ಅಕ್ಕಿಗೆ ಮುಂಚೆ ಗೋಧಿ ಬೀಸಿರುತ್ತಾರೆ’ ಎಂದಳು ಹುಡುಗಿ. ಇದು ನನಗೂ ಹೊಳೆದಿರಲಿಲ್ಲ.

ಕೊನೆಗೆ ನಮ್ಮ ತಾಯಿ ಮಾಡಿದ್ದು ಹಾಲುಬಾಯಿ. ಹೆಸರಿನಲ್ಲಿ ಹಾಲಿದ್ದರೂ ಇದಕ್ಕೆ ಹಸುವಿನ ಹಾಲು ಬೇಕಿಲ್ಲ. ಒಂದು ಲೋಟ ಅಕ್ಕಿಯನ್ನು ಆರಿಸಿ, ತೊಳೆದು, ಮೂರು ನಾಲ್ಕು ಗಂಟೆ ನೆನೆಸಿ, ಒಂದು ಲೋಟ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಿ. ಒಂದು ಲೋಟ ಬೆಲ್ಲವನ್ನು ಕರಗಿಸಿ ಸೋಸಿ ಸೇರಿಸಿ. ಸಣ್ಣ ಉರಿಯಲ್ಲಿ ಬಿಡದೆ ಮಗುಚಿ, ತಳ ಬಿಡುವಾಗ ಏಲಕ್ಕಿ ಹಾಕಿ, ತುಪ್ಪದ ಬದಲು ಕೊಬ್ಬರಿ ಎಣ್ಣೆ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿ. ಅಕ್ಕಿಯ ಬದಲು ರಾಗಿಯೂ ಆದೀತು. ಗೋಡಂಬಿ ಆಗದವರಲ್ಲಿ ಹೆಚ್ಚಿನವರಿಗೆ ತೆಂಗು ಒಗ್ಗುತ್ತದೆ, ಆದರೂ ಕೇಳಿಕೊಳ್ಳಿ. ಮಧುಮೇಹಿಗಳು ಮಾತ್ರ ಬೆಲ್ಲವನ್ನು ಸಕ್ಕರೆಯೆಂದೇ ಎಣಿಸಬೇಕು.

ಇದನ್ನು ಹೋಳಿಗೆಗೆ ಕಣಕ ಕಲಸುವ ಮೊದಲೇ ಮಾಡಿ ಮುಚ್ಚಿಡಿ. ಸೌಟು, ಪಾತ್ರೆ ಬೇರೆಯಿರಲಿ. ಅಂಗಡಿಯ ಸಿಹಿ ತರುವುದಾದರೆ ಪೊಟ್ಟಣದ ಮೇಲಿನ ಬರಹ ಓದಿ. ಗ್ಲುಟೆನ್ ಇರುವ ಧಾನ್ಯ, ಹಾಲು, ಕಡಲೆಕಾಯಿ, ಗೋಡಂಬಿಯಂಥ ಬೀಜಗಳಿದ್ದರೆ ನಮೂದಿಸಬೇಕೆಂದು 2020ರ ಆಹಾರ ಲೇಬಲ್ ನಿಯಮ ಹೇಳುತ್ತದೆ. ಬಿಡಿಯಾಗಿ ತೂಗಿಕೊಡುವ ಸಿಹಿಯಲ್ಲಿ ಏನಿದೆಯೋ ತಿಳಿಯುವುದು ಕಷ್ಟ.

ಓದುಗರಿಗೆ ಇನ್ನೊಂದು ಮಾತು. ಹೊಟ್ಟೆಯುಬ್ಬರವಾಯಿತೆಂದು ನೀವಾಗಿಯೇ ಗೋಧಿ ಬಿಡಬೇಡಿ. ಗೋಧಿ ಬಿಟ್ಟ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸೀಲಿಯಾಕ್ ಇದ್ದರೂ ಕಾಣದೆ ಹೋಗಬಹುದು. ಮೊದಲು ವೈದ್ಯರನ್ನು ಕಾಣಿ.

ಆ ದೀಪಾವಳಿಯಲ್ಲಿ ನಮ್ಮ ತಾಯಿ ಹಾಲುಬಾಯಿಯನ್ನು ಆ ಹುಡುಗಿಗಷ್ಟೇ ಪ್ರತ್ಯೇಕವಾಗಿ ಬಡಿಸಲಿಲ್ಲ. ಎಲ್ಲರ ಎಲೆಗೂ ಬಡಿಸಿದರು. ಆಕೆ ತಾನಾಗಿಯೇ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡಳು. ಊಟ ತನ್ನಿಚ್ಛೆ ಎಂಬ ಗಾದೆ ನಮ್ಮಲ್ಲೇ ಇದೆ. ಮುಂದಿನ ಹಬ್ಬಕ್ಕೆ ನಿಮ್ಮ ಮನೆಯ ಅತಿಥಿ ‘ಬೇಡ’ ಎಂದರೆ, ದಯವಿಟ್ಟು ಆ ಮಾತನ್ನು ನಂಬಿ.