ಆಟಗಾರನ ಕೈಯಲ್ಲಿ ಆಯ್ಕೆ

ಒಪ್ಪಂದ ಮುಗಿದ ಆಟಗಾರರಿಗೆ ತಮಗೆ ಬೇಕಾದ ತಂಡ ಸೇರುವ ಹಕ್ಕು ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ 1993ರಲ್ಲಿ ದೊರೆತಾಗ, ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಇನ್ನು ಉಳಿಗಾಲವಿಲ್ಲವೆಂಬ ಆತಂಕವಿತ್ತು. ಸುಮಾರು ಒಂದು ಲಕ್ಷ ಜನಸಂಖ್ಯೆಯ, ಕೊರೆಯುವ ಚಳಿಯ ಊರದು. ಕಪ್ಪುವರ್ಣೀಯರಂತೂ ಅಲ್ಲಿ ತೀರಾ ವಿರಳ. ಆದರೂ ಆ ವರ್ಷ ಹಲವು ತಂಡಗಳು ಬೆನ್ನುಹತ್ತಿದ್ದ ಕಪ್ಪುವರ್ಣೀಯ ಆಟಗಾರ ರೆಗ್ಗಿ ವೈಟ್ ಆರಿಸಿಕೊಂಡದ್ದು ಗ್ರೀನ್ ಬೇಯನ್ನೇ.

ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್ ಸಣ್ಣ ಆಮಿಷವೇನಲ್ಲ. ಆದರೆ ಹಣಕ್ಕೆ ಮುನ್ನ ಸಿದ್ಧತೆಯಿತ್ತು. 1991ರ ಕೊನೆಯಲ್ಲಿ ತಂಡದ ಆಡಳಿತ ವಹಿಸಿಕೊಂಡ ರಾನ್ ವೂಲ್ಫ್, ಮೈಕ್ ಹೋಮ್‌ಗ್ರೆನ್ ಅವರನ್ನು ತರಬೇತುದಾರರನ್ನಾಗಿ ನೇಮಿಸಿ, ಅಟ್ಲಾಂಟಾದಲ್ಲಿ ಮೂಲೆಗುಂಪಾಗಿದ್ದ ಯುವ ಆಟಗಾರ ಬ್ರೆಟ್ ಫಾರ್ವ್ ಅವರನ್ನು ಕರೆತಂದರು. 1991ರಲ್ಲಿ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ ಮರುವರ್ಷ ಒಂಬತ್ತು ಗೆದ್ದಿತು. 1997ರ ಜನವರಿಯಲ್ಲಿ, 29 ವರ್ಷಗಳ ಬಳಿಕ, ಸೂಪರ್ ಬೌಲ್ ಪ್ರಶಸ್ತಿ ಊರಿಗೆ ಮರಳಿತು.

ಇದಕ್ಕೆ ವ್ಯತಿರಿಕ್ತವಾಗಿ, 2000ದಲ್ಲಿ ಡಿಯಾನ್ ಸ್ಯಾಂಡರ್ಸ್, ಬ್ರೂಸ್ ಸ್ಮಿತ್‌ರಂಥ ಘಟಾನುಘಟಿಗಳನ್ನು ಕಲೆಹಾಕಿದ ವಾಷಿಂಗ್ಟನ್ ತಂಡ, ಋತುವಿನ ನಡುವೆಯೇ ತರಬೇತುದಾರರನ್ನು ವಜಾ ಮಾಡಿ, ಎಂಟು ಗೆಲುವು ಎಂಟು ಸೋಲುಗಳಲ್ಲಿ ಮುಗ್ಗರಿಸಿತು.

1994ರಿಂದ ಎಲ್ಲ ತಂಡಗಳ ವೇತನ ವೆಚ್ಚಕ್ಕೂ ಒಂದೇ ಮಿತಿಯಿದೆ. ಥೈಲಿಯ ಗಾತ್ರವೊಂದೇ ನಿರ್ಣಾಯಕವಲ್ಲದ ಕಡೆ ಆಟಗಾರ ನೋಡುವುದು ಆಡಳಿತದ ವಿಶ್ವಾಸಾರ್ಹತೆಯನ್ನು. ದುಡಿಯುವವನಿಗೆ ಆಯ್ಕೆ ದೊರೆತಾಗ ನಿಜವಾಗಿ ಪರೀಕ್ಷೆಗೊಳಗಾಗುವುದು ದುಡಿಸಿಕೊಳ್ಳುವವರೇ.