ಸಂಜೀವಯ್ಯ ಎಂದರೆ ಯಾರು, ತಾತ?

ಕಳೆದ ತಿಂಗಳು ಮಗನ ಮನೆಗೆಂದು ಸಿಕಂದರಾಬಾದಿಗೆ ಹೋಗಿದ್ದೆ. ಒಂದು ಸಂಜೆ ಮೊಮ್ಮಗನನ್ನು ಕರೆದುಕೊಂಡು ಹುಸೇನ್ ಸಾಗರದ ದಡದಲ್ಲಿರುವ ಸಂಜೀವಯ್ಯ ಉದ್ಯಾನಕ್ಕೆ ಹೋದೆ. ಪಕ್ಕದ ಲೋಕಲ್ ರೈಲು ನಿಲ್ದಾಣಕ್ಕೂ ಅದೇ ಹೆಸರು. ಹದಿನಾರನೆಯ ಶತಮಾನದಲ್ಲಿ, ಕುತುಬ್‌ಶಾಹಿ ಅರಸರ ಕಾಲದಲ್ಲಿ ಕಟ್ಟಿದ ಕೆರೆ ಅದು. ನೀರಿನ ನಡುವೆ ಏಕಶಿಲೆಯ ಬುದ್ಧ. ಉದ್ಯಾನದೊಳಗೆ 2016ರ ಜೂನ್ 2ರಂದು ಮೊದಲು ಧ್ವಜವೇರಿದ 291 ಅಡಿ ಎತ್ತರದ ಕಂಬ. ದಡದ ಗಾಳಿಗೆ ಕುಳಿತು ಕಡಲೆಕಾಯಿ ತಿನ್ನುತ್ತಿರುವಾಗ ಹುಡುಗ ಕೇಳಿದ: "ತಾತ, ಸಂಜೀವಯ್ಯ ಅಂದ್ರೆ ಯಾರು?"

ನಾನು ಉತ್ತರಿಸುವ ಮೊದಲೇ ಕಡಲೆಕಾಯಿ ಮಾರುವವನು, "ಯಾರೋ ಹಳೇ ಮಂತ್ರಿ ಇರಬೇಕು ಸಾರ್" ಎಂದು ತೆಲುಗಿನಲ್ಲಿ ಹೇಳಿ ನಕ್ಕ. ಅವನನ್ನು ದೂರಲಾರೆ. ಊರೂರಿನ ಉದ್ಯಾನ, ವೃತ್ತ, ಮೇಲ್ಸೇತುವೆಗಳಿಗೆಲ್ಲ ರಾಜಕಾರಣಿಗಳ ಹೆಸರು ಕಂಡು ಕಂಡು ನಮಗೆ ಆ ಹೆಸರುಗಳು ಕಾಣಿಸುವುದೇ ನಿಂತುಹೋಗಿದೆ. ಮರಗಳಿರುವ ಜಾಗಕ್ಕೆ ಮರದ ಹೆಸರನ್ನೇ ಇಡಬಾರದೇಕೆ ಎಂದು ನಾನೂ ಒಮ್ಮೆ ವಾದಿಸಿದವನೇ. ಆದರೆ ಈ ಒಂದು ಹೆಸರಿನ ವಿಷಯದಲ್ಲಿ ಆ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ.

ದಾಮೋದರಂ ಸಂಜೀವಯ್ಯನವರು ಹುಟ್ಟಿದ್ದು 1921ರಲ್ಲಿ, ಕರ್ನೂಲಿನ ಸಮೀಪದ ಪೆದಪಾಡು ಎಂಬ ಹಳ್ಳಿಯ ಬಡ ದಲಿತ ಕುಟುಂಬದಲ್ಲಿ. ಬಳ್ಳಾರಿ ಸೀಮೆಯ ನಮಗೆ ಅದು ಗಡಿಯಾಚೆಯ ನೆರೆ. ನಮ್ಮ ತುಂಗಭದ್ರೆಯೇ ಅಲ್ಲಿಗೂ ಹರಿಯುತ್ತಾಳೆ. ಮದರಾಸಿನಲ್ಲಿ ಕಾನೂನು ಓದಿ ರಾಜಕೀಯಕ್ಕೆ ಬಂದ ಅವರು 1960ರ ಜನವರಿಯಲ್ಲಿ, ನಲವತ್ತು ತುಂಬುವ ಮೊದಲೇ, ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ಭಾರತದ ಯಾವುದೇ ರಾಜ್ಯದಲ್ಲಿ ದಲಿತರೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು. 1962ರ ಮಾರ್ಚಿನವರೆಗೆ, ಎಂದರೆ ಎರಡು ವರ್ಷಕ್ಕೆ ಸ್ವಲ್ಪ ಮೇಲೆ, ಅಧಿಕಾರದಲ್ಲಿದ್ದರು. ದಿಕ್ಕಿಲ್ಲದ ವೃದ್ಧರಿಗೆ ಪಿಂಚಣಿ ಆ ರಾಜ್ಯದಲ್ಲಿ ಆರಂಭವಾದದ್ದು ಅವರ ಕಾಲದಲ್ಲಿ. ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿದ್ದು 1961ರಲ್ಲಿ. ಮುಂದೆ ಕೇಂದ್ರದ ಕಾರ್ಮಿಕ ಸಚಿವರಾಗಿದ್ದಾಗ 1965ರ ಬೋನಸ್ ಕಾಯಿದೆ ಬಂತು. ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರೂ ಆದರು. 1972ರ ಮೇ ತಿಂಗಳಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮೊಮ್ಮಗನಿಗೆ ಇಷ್ಟನ್ನೂ ಹೇಳಿದೆ. ಹೇಳುತ್ತಿರುವಾಗ ಒಂದು ಹಳೆಯ ಅಳುಕು ಎದೆಯೊಳಗೆ ಎದ್ದಿತು. ಅದನ್ನು ಅವನಿಗೆ ಹೇಳಲಿಲ್ಲ, ನಿಮಗೆ ಹೇಳಬೇಕು.

1972ರಲ್ಲಿ ನಾನು ಹೊಸ ಮೇಷ್ಟ್ರು. ಅವರ ಸಾವಿನ ಸುದ್ದಿಯನ್ನು ಬೇಸಿಗೆ ರಜೆಯಲ್ಲಿ ಪತ್ರಿಕೆಯಲ್ಲಿ ಓದಿದ್ದೆ. ಶಾಲೆ ತೆರೆದೊಡನೆ ಮಕ್ಕಳಿಗೆ ಅವರ ಕಥೆ ಹೇಳಬೇಕೆಂದು ನಿಶ್ಚಯಿಸಿದ್ದೆ. ನಮ್ಮ ಶಾಲೆಯ ಜಗಲಿಯಲ್ಲಿ ನೀರಿನ ಹರವಿ ಇತ್ತು. ಎಲ್ಲ ಮಕ್ಕಳೂ ತಾವೇ ಲೋಟ ಅದ್ದಿ ಕುಡಿಯುತ್ತಿದ್ದರು. ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ಬೊಗಸೆಯೊಡ್ಡಿ, ಯಾರಾದರೂ ಮೇಲಿನಿಂದ ಹುಯ್ಯುವವರೆಗೆ ಕಾಯುತ್ತಿದ್ದ. ಅದೇ ವಾರ ನಾನು ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿಯನ್ನು ಕಪ್ಪು ಹಲಗೆಯ ಮೇಲೆ ಬರೆಸಿದ್ದೆ. ಆ ಹುಡುಗನೂ ದುಂಡಾದ ಅಕ್ಷರಗಳಲ್ಲಿ ಅದನ್ನು ನಕಲು ಮಾಡಿಕೊಂಡಿದ್ದ. ಸಂಜೀವಯ್ಯನವರ ಕಥೆಯನ್ನು ಮಾತ್ರ ನಾನು ಹೇಳಲಿಲ್ಲ. ಊರಿನ ಹಿರಿಯರು ಏನೆಂದಾರೋ ಎಂಬ ಭಯ. ಹರವಿಯ ಬಗ್ಗೆಯೂ ಬಾಯಿಬಿಡಲಿಲ್ಲ. ಮರುವರ್ಷ ಆ ಹುಡುಗ ಶಾಲೆ ಬಿಟ್ಟ. ಎಲ್ಲಿಗೆ ಹೋದನೋ ವಿಚಾರಿಸಲೂ ಇಲ್ಲ.

ನನ್ನ ಕಥೆಯೊಂದರಿಂದ ಅವನು ಶಾಲೆಯಲ್ಲಿ ಉಳಿಯುತ್ತಿದ್ದ ಎಂದು ಹೇಳಲಾರೆ. ಆದರೆ ನದಿಯ ಕೆಳದಂಡೆಯ ಊರಿನಲ್ಲಿ, ತನ್ನಂತೆಯೇ ಕೇರಿಯಿಂದ ಬಂದವನೊಬ್ಬ ರಾಜ್ಯವಾಳಿದನೆಂಬುದು ಅವನಿಗೆ ಸಲ್ಲಬೇಕಾದ ಪಾಠವಾಗಿತ್ತು. ಅದನ್ನು ಕೊಡದೆ ಇಟ್ಟುಕೊಂಡವನು ನಾನು. ಮೂವತ್ತು ವರ್ಷಕ್ಕೂ ಮೇಲೆ ಕಲಿಸಿದವನ ಲೆಕ್ಕದಲ್ಲಿ ಈ ಬಾಕಿ ತೀರಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಉದ್ಯಾನಕ್ಕೆ ಹೆಸರಿಡುವುದು ಸರ್ಕಾರದ ಕೆಲಸ. ಆ ಹೆಸರು ಯಾರದೆಂದು ಮಕ್ಕಳಿಗೆ ತಿಳಿಸುವುದು ಹಿರಿಯರಾದ ನಮ್ಮ ಕೆಲಸ. ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ ಉಳಿಯುವುದು ರೈಲಿನಿಂದ ಇಳಿಯುವ ನಿಲ್ದಾಣದ ಹೆಸರು ಮಾತ್ರ. ಎಲ್ಲ ಹೆಸರುಗಳೂ ಗೌರವಕ್ಕೆ ಅರ್ಹವಲ್ಲ, ನಿಜ. ವಿಚಾರಿಸಿದರೆ ತಾನೆ ಯಾವುದು ಅರ್ಹವೆಂದು ತಿಳಿಯುವುದು?

ನಿಮ್ಮಲ್ಲಿ ಹಲವರು ಇಂದು ಹೈದರಾಬಾದಿನಲ್ಲಿದ್ದೀರಿ. ಮಕ್ಕಳನ್ನು ಕರೆದುಕೊಂಡು ಆ ದಡಕ್ಕೆ ಹೋಗುತ್ತೀರಿ. ಅಲ್ಲಿ ಯಾರು ಬೇಕಾದರೂ ಯಾರ ಪಕ್ಕದಲ್ಲಿಯಾದರೂ ಕುಳಿತುಕೊಳ್ಳಬಹುದು. ಕುಳಿತಾಗ ಐದು ನಿಮಿಷ ಈ ಕಥೆ ಹೇಳಿ. ಆ 1972ರ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ದುಂಡಗಿನ ಅಕ್ಷರದ ಆ ಹುಡುಗ ಎಲ್ಲಿದ್ದಾನೆಂದು ಗೊತ್ತಿದ್ದರೆ, ದಯವಿಟ್ಟು ನನಗೊಂದು ಸಾಲು ಬರೆಯಿರಿ. ಅವನಿಗೂ ಈಗ ಮೊಮ್ಮಕ್ಕಳಿರಬಹುದು. ಹೋಗಿ ನೋಡಬೇಕೆಂದಿದ್ದೇನೆ.