ಹಾಡಿದವರಿಗೆ ದಕ್ಕಿದ್ದೇನು?

ಮೊನ್ನೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ರಾಕ್ ಸಂಗೀತವೆಂದರೆ ಎಲ್ವಿಸ್ ಪ್ರೀಸ್ಲಿಯೇ ಅಲ್ಲವೇ ಸರ್?" ಎಂದ. ನಾನು ಒಪ್ಪಲಿಲ್ಲ.

1956ರಲ್ಲಿ ಎಲ್ವಿಸ್‌ಗೆ ಅಪಾರ ಕೀರ್ತಿ ತಂದ ‘ಹೌಂಡ್ ಡಾಗ್’ ಗೀತೆಯನ್ನು 1952ರಲ್ಲೇ ಮೊದಲು ಧ್ವನಿಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ವರ್ಣೀಯ ಗಾಯಕಿ. ಮರುವರ್ಷ ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಏಳು ವಾರ ಅಗ್ರಸ್ಥಾನದಲ್ಲಿತ್ತು. ತಮಗೆ ದಕ್ಕಿದ್ದು 500 ಡಾಲರಿನ ಒಂದೇ ಚೆಕ್ ಎಂದು ಆಕೆ ಹೇಳಿಕೊಂಡಿದ್ದರು.

ಹಾಡು ಬರೆದವರು ಲೀಬರ್ ಮತ್ತು ಸ್ಟೋಲರ್ ಎಂಬ ತರುಣರಲ್ಲವೇ ಎಂದು ಕೇಳುವವರುಂಟು. ನಿಜ. ಆದರೆ ಕೊರಳು ಸಿಗುವವರೆಗೆ ಹಾಡು ಬರಿಯ ಕಾಗದ. ಅಮೆರಿಕದ ಬಾನುಲಿ ನಿಲಯಗಳು ಗೀತೆ ಬರೆದವರಿಗೆ ಗೌರವಧನ ತೆರುತ್ತವೆ. ಹಾಡಿದವರಿಗೂ ತೆರಬೇಕೆಂಬ ಕಾನೂನು ಇಂದಿಗೂ ಅಲ್ಲಿಲ್ಲ. ಇದನ್ನು ನ್ಯಾಯವೆನ್ನಲು ನನ್ನ ನಾಲಿಗೆ ಏಳದು.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ಎಲ್ವಿಸ್‌ರನ್ನು 1986ರಲ್ಲೇ ಗೌರವಿಸಿತು. 1984ರಲ್ಲಿ ತೀರಿಕೊಂಡ ಥಾರ್ನ್‌ಟನ್‌ರ ಸರದಿ ಬಂದದ್ದು 2024ರಲ್ಲಿ!

ಎಲ್ವಿಸ್‌ರ ಪ್ರತಿಭೆಯನ್ನು ನಾನು ಹಳಿಯುತ್ತಿಲ್ಲ. ಆದರೆ ಜೀವಮಾನವೆಲ್ಲ ತರಗತಿಯಲ್ಲಿ ಹಾಜರಿ ಕರೆದವನು ನಾನು. ಎದುರಿಗೆ ಕುಳಿತ ಮಗುವಿನ ಹೆಸರನ್ನು ಬಿಟ್ಟು ಓದುವುದು ಎಂಥ ಅಪರಾಧವೆಂದು ಬಲ್ಲೆ. ಪ್ರಿಯ ಶಿಷ್ಯರೇ, ಆ ಹಾಡನ್ನು ಕೇಳುವುದಾದರೆ ಮೊದಲು ಥಾರ್ನ್‌ಟನ್‌ರ ಕೊರಳಿನಲ್ಲಿ ಕೇಳಿ.